ಹೆಸರಿನ ಹಿಂದಿನ ಊರು



2022ರಲ್ಲಿ ಕತಾರಿನಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆದಾಗ ನಮ್ಮ ಸಿಂಧನೂರಿನ ಮನೆಯಲ್ಲಿ ಮೊಮ್ಮಗನ ಜೊತೆ ನಾನೂ ಟಿ.ವಿ. ಮುಂದೆ ಕೂತಿದ್ದೆ. ನನಗೆ ಆ ಆಟ ಅಷ್ಟಾಗಿ ತಿಳಿಯದು. ಅವನಿಗೆ ಆಟಗಾರರ ಬೆನ್ನಿನ ಮೇಲಿನ ಹೆಸರು ಓದುವ ಹುಚ್ಚು. ಅವತ್ತು ಪೋಲೆಂಡ್ ತಂಡದ ಆಟ. ನಾಯಕ ಲೆವಾಂಡೊವ್ಸ್ಕಿ, ಇನ್ನೊಬ್ಬ ಝೆಲಿನ್ಸ್ಕಿ. ಹುಡುಗ ಸ್ವಲ್ಪ ಹೊತ್ತು ನೋಡಿ ಕೇಳಿದ: “ತಾತ, ಇವ್ರೆಲ್ಲ ಮಸ್ಕಿ ಕಡಿಯವ್ರೇನು? ಎಲ್ಲಾರ ಹೆಸರಿನ ಹಿಂದ ಸ್ಕಿ ಅದ.”

ನಕ್ಕುಬಿಟ್ಟೆವು. ಆದರೆ ರಾತ್ರಿ ಮಲಗಿದ ಮೇಲೆ ಅನಿಸಿತು, ಹುಡುಗ ಕೇಳಿದ್ದು ಅರ್ಧ ಸರಿಯಿದೆ. ಪೋಲಿಷ್ ಭಾಷೆಯಲ್ಲಿ ಈ ‘ಸ್ಕಿ’ ಅಂದರೆ ‘ಇಂಥ ಕಡೆಯವನು’ ಎಂದೇ. ತಾರ್ನೂಫ್ ಊರಿನವನು ತಾರ್ನೋವ್ಸ್ಕಿ. ಲೆಷ್ನೊ ಊರಿನ ಒಡೆಯರ ಮನೆತನ ಲೆಷ್ಚಿನ್ಸ್ಕಿ. ಆ ಮನೆಯವನೊಬ್ಬ ಪೋಲೆಂಡಿನ ದೊರೆಯೂ ಆದ. ಮೊದಮೊದಲು ಇದು ಜಹಗೀರು ಇದ್ದವರ ಗತ್ತು. ಊರು ಯಾರದೋ ಅವರಿಗೆ ಊರಿನ ಹೆಸರು. ಆಮೇಲೆ ಕಮ್ಮಾರ, ಬಡಿಗರೂ ತಮ್ಮ ಕಸುಬಿಗೆ ‘ಸ್ಕಿ’ ಅಂಟಿಸಿಕೊಂಡರು. ಪೋಲಿಷ್‌ನಲ್ಲಿ ‘ಕೊವಾಲ್’ ಎಂದರೆ ಕಮ್ಮಾರ, ಹಾಗಾಗಿ ಕೊವಾಲ್ಸ್ಕಿ. ನಮ್ಮಲ್ಲಿ ಕಮ್ಮಾರ, ಬಡಿಗೇರ, ಪತ್ತಾರ, ಹೂಗಾರ ಎಂಬ ಅಡ್ಡಹೆಸರುಗಳಿಲ್ಲವೆ? ಅವರ ದೇಶದಲ್ಲಿ ಎಲ್ಲಕ್ಕಿಂತ ಹೆಚ್ಚು ಜನಕ್ಕಿರುವ ಅಡ್ಡಹೆಸರು ನೊವಾಕ್. ಅದರ ಅರ್ಥ ಊರಿಗೆ ಹೊಸದಾಗಿ ಬಂದವನು. ನಮ್ಮ ಹೊಸಮನಿಯವರು ಒಮ್ಮೆ ವಾರ್ಸಾಕ್ಕೆ ಹೋದರೆ ಬೀಗರು ಸಿಕ್ಕಾರು.

ನಮ್ಮ ಪಕ್ಕದ ಊರು ಮಸ್ಕಿಯ ‘ಸ್ಕಿ’ ಮಾತ್ರ ಬೇರೆ ಬೇರಿನದು. ಊರಿನ ಹಳೆಯ ಶಾಸನಗಳಲ್ಲಿ ಅದು ಪಿರಿಯ ಮೊಸಂಗಿ. ಚೋಳರ ರಾಜೇಂದ್ರನಿಗೂ ಚಾಲುಕ್ಯ ಜಯಸಿಂಹನಿಗೂ ಯುದ್ಧವಾದ ಮುಶಂಗಿ ಇದೇ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಮೊಸಂಗಿ ಬಾಯಿಂದ ಬಾಯಿಗೆ ಸವೆದು ಮಸ್ಕಿಯಾಯಿತು. ಹಾಗಿದ್ದರೂ ಹೆಸರಿನ ಮಾತು ಬಂದಾಗ ಮಸ್ಕಿಯನ್ನು ಬಿಟ್ಟು ಮುಂದೆ ಹೋಗಲು ನನ್ನಿಂದ ಆಗದು. ಒಬ್ಬ ದೊಡ್ಡ ಮನುಷ್ಯನ ಕಳೆದುಹೋದ ಹೆಸರು ಸಿಕ್ಕಿದ್ದು ಅಲ್ಲಿಯೇ.

ಸಂಗತಿ ಇಷ್ಟು. ದೇಶದ ತುಂಬ ಬಂಡೆಗಳ ಮೇಲೆ, ಕಂಬಗಳ ಮೇಲೆ ಬ್ರಾಹ್ಮೀ ಲಿಪಿಯ ಬರಹಗಳಿದ್ದವು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಓದಿದ. ಓದಿದರೆ ಅಲ್ಲಿ ಸಿಗುತ್ತಿದ್ದದ್ದು ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂಬ ಬಿರುದು. ದೇವರಿಗೆ ಪ್ರಿಯನಾದವನು ಸರಿ, ಆದರೆ ಮನುಷ್ಯ ಯಾರು? ಸಿಂಹಳದ ಹಳೆಯ ಪುಸ್ತಕಗಳನ್ನು ನೋಡಿದ ಟರ್ನರ್ ಎಂಬ ಅಧಿಕಾರಿ ಇದು ಅಶೋಕನೇ ಎಂದ. ವಿದ್ವಾಂಸರು ಒಪ್ಪಿದರು. ಒಪ್ಪಿದರೂ ಕಲ್ಲು ಮಾತ್ರ ಬಾಯಿಬಿಟ್ಟು ಹೆಸರು ಹೇಳಿರಲಿಲ್ಲ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಒಂದು ಬಂಡೆಬರಹ ಕಂಡ. ಅದರ ಮೊದಲ ಸಾಲಿನಲ್ಲೇ ಇತ್ತು: ‘ದೇವಾನಂಪಿಯಸ ಅಸೋಕಸ’. ಬಿರುದು, ಅದರ ಪಕ್ಕದಲ್ಲಿ ಹೆಸರು. ಸುಮಾರು ಎಂಬತ್ತು ವರ್ಷ ಊಹೆಯ ಮೇಲೆ ನಿಂತಿದ್ದ ಮಾತಿಗೆ ನಮ್ಮ ಗುಡ್ಡ ಸಾಕ್ಷಿ ಹೇಳಿತು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೋಳದಲ್ಲಿ ಅಶೋಕನ ಹೆಸರಿರುವ ಬರಹಗಳು ಸಿಕ್ಕವು. ಮೊದಲಿಗೆ ಸಿಕ್ಕಿದ್ದು ಮಸ್ಕಿಯಲ್ಲಿ.

ಚಿನ್ನ ಹುಡುಕುವವನಿಗೆ ಹೆಸರು ಸಿಕ್ಕಿತು, ಬಿಡಿ. ಚಿನ್ನವೇನೂ ದೂರವಿರಲಿಲ್ಲ, ಹಟ್ಟಿಯ ಗಣಿ ಪಕ್ಕದ ಲಿಂಗಸುಗೂರು ತಾಲ್ಲೂಕಿನದು.

ಈ ಶಾಸನವನ್ನು ಅದೇ ವರ್ಷ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಪುಸ್ತಕವಾಗಿ ಓದಿ ಪ್ರಕಟಿಸಿದವರು ಎಚ್. ಕೃಷ್ಣಶಾಸ್ತ್ರಿ. ಆ ‘ಎಚ್’ ಏನು ಗೊತ್ತೆ? ಹೊಸಕೋಟೆ. ಹೊಸಕೋಟೆ ಕೃಷ್ಣಶಾಸ್ತ್ರಿಗಳು. ಹಳೇ ಮೈಸೂರಿನವರು ಊರನ್ನು ಒಂದು ಅಕ್ಷರಕ್ಕೆ ಇಳಿಸಿ ಹೆಸರಿನ ಮುಂದೆ ಚುಕ್ಕಿ ಹಾಕಿ ಇಡುತ್ತಾರೆ. ನಾವು ಇಡೀ ಊರನ್ನೇ ಹೆಸರಿನ ಹಿಂದೆ ಕಟ್ಟಿಕೊಂಡು ತಿರುಗುತ್ತೇವೆ. ನನಗೆ ನಮ್ಮ ಪದ್ಧತಿಯೇ ವಾಸಿ ಅನಿಸುತ್ತದೆ. ಒಂದು ‘ಎಚ್’ ಕಂಡರೆ ಹೊಸಕೋಟೆಯೋ ಹಾಸನವೋ ಹುಣಸೂರೋ ಎಂದು ಯಾರು ಹೇಳಬೇಕು?

ನಮ್ಮ ಕಡೆ ಊರು ಹೊತ್ತವರ ಪಟ್ಟಿ ದೊಡ್ಡದು. ಕೃಷ್ಣೆ–ತುಂಗಭದ್ರೆಯರ ನಡುವಿನ ಈ ದೋಆಬಿನಲ್ಲಿ ಕಲಾವಿದರೂ ಕವಿಗಳೂ ತಮ್ಮ ಊರನ್ನು ರಾಜ್ಯದ ಜನಕ್ಕೆ ಬಾಯಿಪಾಠ ಮಾಡಿಸಿದ್ದಾರೆ. ವಚನಗಳನ್ನು ಹಿಂದೂಸ್ತಾನಿ ರಾಗಗಳಲ್ಲಿ ಹಾಡಿದ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರು ರಾಯಚೂರಿನ ರಂಗಮಂದಿರಕ್ಕಿದೆ. ಜಂಬಲದಿನ್ನಿ ಎಲ್ಲಿದೆ ಎಂದು ತಿಳಿಯದವರೂ ಆ ಹೆಸರನ್ನು ದಿನಕ್ಕೊಮ್ಮೆ ಆಟೋದವನಿಗೆ ಹೇಳುತ್ತಾರೆ. ಕನ್ನಡಕ್ಕೆ ಗಜಲ್ ತಂದ ಶಾಂತರಸರ ಊರು ಹೆಂಬೇರಾಳು. 2006ರಲ್ಲಿ ಬೀದರದಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದಾಗ ಆ ಸಣ್ಣ ಹಳ್ಳಿಯೂ ಅವರ ಹಿಂದೆ ವೇದಿಕೆ ಹತ್ತಿತು. ಕತೆಗಾರ ಅಮರೇಶ ನುಗಡೋಣಿ ಅವರ ‘ಸವಾರಿ’ ಕತೆಯನ್ನು ಇಟ್ಟುಕೊಂಡು ಗಿರೀಶ ಕಾಸರವಳ್ಳಿ ‘ಕನಸೆಂಬೋ ಕುದುರೆಯನೇರಿ’ ಚಿತ್ರ ಮಾಡಿದರು. ನುಗಡೋಣಿ ಒಂದು ಹಳ್ಳಿ, ಕಾಸರವಳ್ಳಿಯೂ ಒಂದು ಹಳ್ಳಿ. ಒಂದು ರಾಯಚೂರು ಸೀಮೆಯದು, ಇನ್ನೊಂದು ಮಲೆನಾಡಿನದು. ಇನ್ನೊಬ್ಬ ಕತೆಗಾರ ರಾಜಶೇಖರ ನೀರಮಾನ್ವಿಯವರ ಊರು ನೀರಮಾನ್ವಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಕಾಗದದ ಮೇಲೆ ಊರು ಹಿಂದೆ, ಬಾಯಲ್ಲಿ ಊರು ಮುಂದೆ. ಸಿಂಧನೂರಿನ ಶಾಸಕರನ್ನು ಪತ್ರಿಕೆಯವರು ಹಂಪನಗೌಡ ಬಾದರ್ಲಿ ಎಂದು ಬರೆಯುತ್ತಾರೆ. ಚಹಾದ ಅಂಗಡಿಯಲ್ಲಿ ಕೂತವರು ‘ಬಾದರ್ಲಿ ಹಂಪನಗೌಡ್ರು’ ಎನ್ನುತ್ತಾರೆ. ದಾಸರ ಕಾಲದಿಂದಲೂ ಬಾಯಿಯ ರೂಢಿ ಹೀಗೆಯೇ: ಮಾನ್ವಿ ಜಗನ್ನಾಥದಾಸರು, ಲಿಂಗಸುಗೂರು ಪ್ರಾಣೇಶದಾಸರು. ಊರು ಮೊದಲು ಬರಬೇಕು, ಆಮೇಲೆ ಮನುಷ್ಯ. ಬಸ್ಸಿನಲ್ಲಿ ಪಕ್ಕ ಕೂತವರು “ಯಾವೂರಾತು ನಿಮ್ದು?” ಎಂದು ಕೇಳಿ, ಅದು ಗೊತ್ತಾದ ಮೇಲೆ “ಯಾರ ಪೈಕಿ?” ಎನ್ನುತ್ತಾರೆ. ಹೆಸರು ಕೇಳುವುದು ಇಳಿಯುವ ಹೊತ್ತಿಗೆ, ಕೆಲವು ಸಲ ಅದೂ ಇಲ್ಲ.

ರಾಜಕೀಯ ಮಾತಾಡಲು ನಾನು ಬಂದಿಲ್ಲ, ಆದರೂ ಸಿಂಧನೂರಿನ ಚುನಾವಣೆಯ ಒಂದು ಸೊಗಸು ಹೇಳಬೇಕು. 2018ರಲ್ಲಿ ಅಲ್ಲಿ ವೆಂಕಟರಾವ್ ನಾಡಗೌಡರು ಗೆದ್ದರು, 2023ರಲ್ಲಿ ಬಾದರ್ಲಿಯವರು. ಒಂದು ಅಡ್ಡಹೆಸರು ಹುದ್ದೆಯದು, ಇನ್ನೊಂದು ಊರಿನದು. ಪಕ್ಕದ ಮಸ್ಕಿಯಲ್ಲೂ ಹಾಗೆಯೇ. ಆ ಕ್ಷೇತ್ರ ಹುಟ್ಟಿದ್ದು 2008ರಲ್ಲಿ, ಮೊದಲ ಶಾಸಕರು ಪ್ರತಾಪಗೌಡ ಪಾಟೀಲ. 2021ರ ಉಪಚುನಾವಣೆಯಲ್ಲಿ ಗೆದ್ದವರು ಬಸನಗೌಡ ತುರುವಿಹಾಳ. ಅಲ್ಲಿಯೂ ಹುದ್ದೆ ಒಂದು ಕಡೆ, ಊರು ಒಂದು ಕಡೆ. ನಮ್ಮ ಅಡ್ಡಹೆಸರುಗಳ ಎರಡು ದೊಡ್ಡ ಪಾಳೆಯ ಇವೇ.

ಹುದ್ದೆಯ ಹೆಸರುಗಳಲ್ಲಿ ಪಾಟೀಲ ದೊಡ್ಡಣ್ಣ. ಪಾಟೀಲ ಅಂದರೆ ಊರಗೌಡ. ಈಗ ‘ಬಸನಗೌಡ ಪಾಟೀಲ’ ಎಂಬ ಹೆಸರನ್ನು ನಿಧಾನವಾಗಿ ಬಿಡಿಸಿ ನೋಡಿ. ಕನ್ನಡದಲ್ಲಿ ಒಂದು ಸಲ ಗೌಡ, ಮರಾಠಿಯಲ್ಲಿ ಇನ್ನೊಂದು ಸಲ ಗೌಡ. ಯಾರೂ ಸಂಶಯ ಪಡಬಾರದು ಎಂದು ಎರಡು ಭಾಷೆಯಲ್ಲಿ ಮುದ್ರೆ ಒತ್ತಿದಂತೆ! ನಿಜಾಮರ ರಾಜ್ಯದಲ್ಲಿ ಈ ಹುದ್ದೆಯೂ ಎರಡಾಗಿತ್ತು. ಕಂದಾಯ ವಸೂಲು ಮಾಡುವವನು ಮಾಲಿಪಾಟೀಲ, ಊರಿನ ಬಂದೋಬಸ್ತು ನೋಡುವವನು ಪೊಲೀಸ್ ಪಾಟೀಲ. ಎರಡೂ ಇವತ್ತು ಅಡ್ಡಹೆಸರುಗಳೇ. ಪೊಲೀಸ್ ಪಾಟೀಲ ಎಂಬ ಹೆಸರಿನ ಹುಡುಗ ಬೆಂಗಳೂರಿನ ಹಾಸ್ಟೆಲಿಗೆ ಹೋದರೆ ಮೊದಲ ವಾರ ಅವನ ಹತ್ತಿರ ಯಾರೂ ಸುಳಿಯುವುದಿಲ್ಲ, ಎರಡನೆಯ ವಾರ ಜಗಳ ಬಿಡಿಸಲು ಅವನನ್ನೇ ಕರೆಯುತ್ತಾರೆ.

ಪಾಟೀಲರು ಎಷ್ಟು ಹೆಚ್ಚಾದರೆಂದರೆ ಹೆಸರೂ ಅಡ್ಡಹೆಸರೂ ಸೇರಿದರೂ ಮನುಷ್ಯ ಗೊತ್ತಾಗದ ಹಾಗಾಯಿತು. ಬಸವರಾಜ ಪಾಟೀಲ ಎಂದರೆ ಯಾರು? ಸೇಡಂ ಅವರೋ, ಅನ್ವರಿಯವರೋ? ಲಿಂಗಸುಗೂರು ತಾಲ್ಲೂಕಿನ ಅನ್ವರಿಯವರು ಕೊಪ್ಪಳದಿಂದ ಲೋಕಸಭೆಗೆ ಹೋದ ಬಸವರಾಜ ಪಾಟೀಲ ಅನ್ವರಿ. ವಿಜಯಪುರ ಕಡೆ ಬಸನಗೌಡ ಪಾಟೀಲ ಯತ್ನಾಳ. ಹುದ್ದೆ ಸಾಲದೆ ಬಂದಾಗ ಕೊನೆಗೆ ಊರೇ ಬಂದು ಕೈಹಿಡಿಯಬೇಕಾಯಿತು. ಹುದ್ದೆಯಾದರೂ ಈಗ ಎಲ್ಲಿದೆ? ಹಳ್ಳಿ ವತನಗಳನ್ನು ರದ್ದು ಮಾಡುವ ಕಾಯ್ದೆ 1961ರಲ್ಲೇ ಬಂತು. ಗೌಡಕಿ ಹೋಯಿತು, ಕುಲಕರ್ಣಿಕಿ ಹೋಯಿತು. ದೇಸಾಯಿ, ದೇಶಪಾಂಡೆ, ನಾಡಗೌಡ, ಕುಲಕರ್ಣಿ, ಪಾಟೀಲ ಎಲ್ಲ ಹೆಸರಿನಲ್ಲಿ ಉಳಿದುಕೊಂಡವು. ಲಿಂಗಸುಗೂರಿನವರಿಗೆ ಇದು ಹೊಸದಲ್ಲ. ನಿಜಾಮರ ಕಾಲದಲ್ಲಿ ಅದು ಜಿಲ್ಲೆಯಾಗಿತ್ತು. 1905ರಲ್ಲಿ ಜಿಲ್ಲೆ ಮುರಿದು ರಾಯಚೂರಿಗೆ ಸೇರಿಸಿದರು. ಅಲ್ಲಿದ್ದ ಸೈನ್ಯದ ದಂಡು ಹೋಗಿಯೂ ಎಷ್ಟೋ ಕಾಲವಾಯಿತು, ಆದರೂ ಊರಿನ ಒಂದು ಭಾಗವನ್ನು ಜನ ಛಾವಣಿ ಎಂದೇ ಕರೆಯುತ್ತಾರೆ.

ವತನ ಇದ್ದವರ ಮಾತಾಯಿತು. ಇಲ್ಲದವರದು? ನಾನು ಮಾಸ್ತರಿಕೆ ಮಾಡಿದ ಶಾಲೆಗಳ ಹಾಜರಿ ಪುಸ್ತಕದಲ್ಲಿ ಅರ್ಧಕ್ಕರ್ಧ ಮಕ್ಕಳಿಗೆ ಅಡ್ಡಹೆಸರೇ ಇರಲಿಲ್ಲ. ‘ಅಮರೇಶ ತಂದೆ ಹನುಮಂತ’, ‘ದುರುಗಮ್ಮ ತಂದೆ ಯಮನಪ್ಪ’, ಹೀಗೆ. ನಮ್ಮ ಕಡೆಯ ಪಹಣಿಯಲ್ಲಿ, ರೇಷನ್ ಕಾರ್ಡಿನಲ್ಲಿ ಗಂಡಸಿಗೆ ‘ತಂದೆ’, ಮದುವೆಯಾದ ಹೆಂಗಸಿಗೆ ‘ಗಂಡ’ ಎಂಬ ಪದ ನಡುವೆ ಕೂತು ಕೊಂಡಿಯ ಕೆಲಸ ಮಾಡುತ್ತದೆ. ಲಿಂಗಸುಗೂರು ಕಡೆಯ ತರಗತಿಯಲ್ಲಿ ಅಮರೇಶ, ಅಮರಪ್ಪ, ಅಮರಮ್ಮ ಎಂದು ಕೂಗಿದರೆ ಐದಾರು ಮಕ್ಕಳು ಒಟ್ಟಿಗೆ ಎದ್ದು ನಿಲ್ಲುತ್ತಿದ್ದರು. ಎಲ್ಲ ಗುರುಗುಂಟಾದ ಅಮರೇಶ್ವರನ ಹರಕೆಯ ಮಕ್ಕಳು. ಸಿಂಧನೂರು ಸೀಮೆಗೆ ಬಂದರೆ ಸೋಮಲಾಪುರದ ಅಂಬಾದೇವಿಯ ಕೃಪೆಯಿಂದ ಅಂಬಮ್ಮ, ಅಂಬಣ್ಣ. ಇವರಲ್ಲಿ ಒಬ್ಬ ಹುಡುಗ ಮುಂದೆ ಎಂಜಿನಿಯರ್ ಆಗಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ. ಅರ್ಜಿಯಲ್ಲಿ ಅಡ್ಡಹೆಸರಿಗೊಂದು ಮನೆ. ಅವನು ಗಾಬರಿಯಲ್ಲಿ ದಾಖಲೆಯಲ್ಲಿದ್ದ ‘ತಂದೆ’ ಎಂಬ ಪದವನ್ನೇ ಅಲ್ಲಿ ತುಂಬಿದ. ತಿದ್ದಿಸಲು ಓಡಾಡಿದ್ದು ತಿಂಗಳುಗಟ್ಟಲೆ. ಕೊನೆಗೆ ತನ್ನ ಹಳ್ಳಿಯ ಹೆಸರನ್ನೇ ಬರೆಸಿಕೊಂಡ. ನನಗೆ ಅದು ಬಹಳ ಸಮಾಧಾನ ಕೊಟ್ಟ ಸಂಗತಿ. ಆ ಊರಿನಲ್ಲಿ ಅವನ ಅಜ್ಜನಿಗೆ ಒಂದು ಗುಂಟೆ ನೆಲವೂ ಇರಲಿಲ್ಲ. ಹೆಸರನ್ನು ಹೊತ್ತುಕೊಂಡು ಸಮುದ್ರ ದಾಟಿದವನು ಆ ಅಜ್ಜನ ಮೊಮ್ಮಗ. ಪೋಲೆಂಡಿನಲ್ಲಿ ಊರಿದ್ದವನಿಗೆ ಊರಿನ ಹೆಸರು ಎಂದೆನಲ್ಲ, ಇಲ್ಲಿ ಊರೇ ಇಲ್ಲದವನು ಊರನ್ನು ಹೆಸರಾಗಿ ಗಳಿಸಿದ.

ತುಂಗಭದ್ರೆಯ ಎಡದಂಡೆ ನಾಲೆ ಬಂದ ಮೇಲೆ ಸಿಂಧನೂರಿನ ಹಾಜರಿ ಪುಸ್ತಕ ಇನ್ನೂ ರಂಗೇರಿತು. 227 ಕಿಲೋಮೀಟರ್ ಉದ್ದದ ಆ ನಾಲೆಯ ನೀರಿನ ಹಿಂದೆ ಆಂಧ್ರದ ರೈತರು ಬಂದರು, ಭತ್ತದ ಗದ್ದೆಗಳ ನಡುವೆ ಕ್ಯಾಂಪುಗಳು ಎದ್ದವು. ತೆಲುಗರಲ್ಲಿ ‘ಇಂಟಿಪೇರು’, ಅಂದರೆ ಮನೆಹೆಸರು, ಮುಂದೆ ಬರುತ್ತದೆ. ಎನ್.ಟಿ. ರಾಮರಾವ್ ಅವರ ‘ಎನ್’ ಎಂದರೆ ನಂದಮೂರಿ. ಆಮೇಲೆ ಪೂರ್ವ ಪಾಕಿಸ್ತಾನದಿಂದ ನೆಲೆ ತಪ್ಪಿ ಬಂದ ಬಂಗಾಳಿ ಕುಟುಂಬಗಳಿಗೆ ಇದೇ ತಾಲ್ಲೂಕಿನಲ್ಲಿ ಜಾಗ ಕೊಟ್ಟು ಆರ್.ಎಚ್. ಕ್ಯಾಂಪುಗಳನ್ನು ಮಾಡಿದರು. ಅವರ ಹೆಸರುಗಳು ಮಂಡಲ್, ಬಿಸ್ವಾಸ್, ಸರ್ಕಾರ್. ಸರ್ಕಾರ್ ಎಂಬ ಹುಡುಗ ಸರ್ಕಾರಿ ಶಾಲೆಗೆ ಬಂದು ಸರ್ಕಾರಿ ಪುಸ್ತಕ ಇಸಕೊಂಡು ಸಹಿ ಹಾಕಿದ ದಿನ ನಮ್ಮ ಹೆಡ್‌ಮಾಸ್ತರರು ಎದ್ದು ನಿಂತು ನಮಸ್ಕಾರ ಮಾಡಿದ್ದರು, ತಮಾಷೆಗೆ. ಮಂಡಲ್ ಎಂದರೂ ಒಂದು ಕಾಲದ ಊರ ಮುಖ್ಯಸ್ಥನೇ, ನಮ್ಮ ಪಾಟೀಲನ ಜೋಡಿ. ನೀರು ಬಂದು ಅರ್ಧ ಶತಮಾನ ಕಳೆಯುವಷ್ಟರಲ್ಲಿ ಒಂದೇ ಬೆಂಚಿನ ಮೇಲೆ ಮುಂದೆ ಮನೆಹೆಸರಿನವನು, ಹಿಂದೆ ಊರಿನವನು, ಪದವಿಯವನು ಮತ್ತು ಬರೀ ‘ತಂದೆ’ಯವನು ಕೂತರು. ಮೂವರು ಕಲಿತದ್ದು ಕನ್ನಡದ ಅದೇ ಒಂದನೆಯ ಪಾಠ. ಮೂವರಲ್ಲ, ನಾಲ್ವರು, ಲೆಕ್ಕದಲ್ಲಿ ನಾನು ಯಾವಾಗಲೂ ಕಚ್ಚಾ.

ನೆಲೆ ತಪ್ಪಿದವರ ಮಾತು ಬಂದದ್ದರಿಂದ ಪೋಲೆಂಡಿನವರ ಇನ್ನೊಂದು ನೆನಪು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸುಮಾರು 5,000 ಪೋಲಿಷ್ ನಿರಾಶ್ರಿತರು, ಹೆಚ್ಚಾಗಿ ಹೆಂಗಸರು, ಮಕ್ಕಳು, ನಮ್ಮ ಗಡಿಯ ಕೊಲ್ಹಾಪುರದ ಪಕ್ಕ ವಳಿವಡೆಯ ಕ್ಯಾಂಪಿನಲ್ಲಿ 1943ರಿಂದ 1948ರ ತನಕ ಇದ್ದರು. ಅದಕ್ಕೂ ಮೊದಲೇ ಮಾರಿಸ್ ಫ್ರಿಡ್‌ಮನ್ ಎಂಬ ಪೋಲಿಷ್ ಯೆಹೂದಿ ಎಂಜಿನಿಯರ್ ಬೆಂಗಳೂರಿನ ಸರ್ಕಾರಿ ವಿದ್ಯುತ್ ಸಾಮಗ್ರಿ ಕಾರ್ಖಾನೆ ನಡೆಸಲು ಬಂದವನು ಗಾಂಧೀಜಿಯ ಕಡೆ ಒಲಿದು, ಔಂಧ್ ಸಂಸ್ಥಾನದ ಪ್ರಜಾಡಳಿತದ ಸಂವಿಧಾನ ಬರೆಯಲು ನೆರವಾದ. ಅವನು ಕಾವಿ ಉಟ್ಟು ಅಡ್ಡಹೆಸರನ್ನೇ ಕಳಚಿಟ್ಟು ಭಾರತಾನಂದ ಎನಿಸಿಕೊಂಡ.

ಅಡ್ಡಹೆಸರು ಹಿಡಿದು ಮೂಲ ಹುಡುಕುವವರಿಗೆ ಒಂದು ಎಚ್ಚರಿಕೆ. ಗಾಯಕಿ ಶುಭಾ ಮುದ್ಗಲ್ ಅವರ ಹಾಡು ಕೇಳಿದಾಗಲೆಲ್ಲ ಲಿಂಗಸುಗೂರು ಕಡೆಯವರು ಎದೆಯುಬ್ಬಿಸುತ್ತಾರೆ: ನಮ್ಮ ಮುದಗಲ್ಲಿನವರಲ್ಲೇನು? ಅಲ್ಲ. ಅವರು ಅಲಹಾಬಾದಿನವರು, ಆ ಮುದ್ಗಲ್ ಉತ್ತರದ ಮೌದ್ಗಲ್ಯರದು. ನಮ್ಮ ಮುದಗಲ್ಲು ಕೋಟೆಯದು, ಮೊಹರಂನದು. ಸದ್ದು ಒಂದೇ, ನೆಲ ಬೇರೆ. ನನ್ನ ಮೊಮ್ಮಗನ ‘ಸ್ಕಿ’ಯ ಹಾಗೆಯೇ.

ಪೋಲಿಷರಲ್ಲಿ ಇನ್ನೊಂದು ರೂಢಿ ಇದೆ. ಗಂಡಿಗೆ ‘ಸ್ಕಿ’, ಹೆಣ್ಣಿಗೆ ‘ಸ್ಕ’. ಅಪ್ಪ ಸ್ಕ್ಲೊಡೊವ್ಸ್ಕಿ, ಮಗಳು ಸ್ಕ್ಲೊಡೊವ್ಸ್ಕ. ಆ ಮಗಳೇ ಮೇರಿ ಕ್ಯೂರಿ. ಫ್ರಾನ್ಸಿಗೆ ಸೊಸೆಯಾಗಿ ಹೋದ ಮೇಲೂ ಆಕೆ ತವರಿನ ಹೆಸರು ಬಿಡದೆ ಸ್ಕ್ಲೊಡೊವ್ಸ್ಕ-ಕ್ಯೂರಿ ಎಂದು ಎರಡೂ ಹೆಸರು ಬಳಸಿದಳು. 1898ರಲ್ಲಿ ಗಂಡನ ಜೊತೆ ಕಂಡುಹಿಡಿದ ಮೂಲವಸ್ತುವಿಗೆ ತವರು ದೇಶದ ಹೆಸರಿಟ್ಟು ಪೊಲೋನಿಯಂ ಅಂದಳು.

ನಮ್ಮ ಹೆಂಗಸರಿಗೆ ಅಡ್ಡಹೆಸರಿಲ್ಲ ಎಂದು ಬಹಳ ದಿನ ನಂಬಿದ್ದೆ. ಕಾಗದ ನೋಡಿದರೆ ಇಲ್ಲ. ಆದರೆ ನಮ್ಮ ಹಳ್ಳಿಗಳಲ್ಲಿ ಸೊಸೆಯಾಗಿ ಬಂದವಳನ್ನು ಅವಳ ಹೆಸರಿನಿಂದ ಕರೆಯುವುದು ಕಡಿಮೆ, ತವರೂರಿನಿಂದ ಕರೆಯುವುದು ಹೆಚ್ಚು. ‘ಮುದಗಲ್ಲಾಕಿ’ ಬಂದಳೇನು, ‘ಕವಿತಾಳದಾಕಿ’ ರೊಟ್ಟಿ ಬಡಿದಳೇನು, ‘ತುರುವಿಹಾಳದಾಕಿ’ ಮಗನ ಮದುವೆ ಯಾವಾಗ. ಒಂದು ಓಣಿಯಲ್ಲಿ ಕಿವಿಗೊಟ್ಟು ನಿಂತರೆ ಮೂರು ತಾಲ್ಲೂಕಿನ ನಕಾಶೆ ಕೇಳಿಸುತ್ತದೆ. ಗಂಡಸು ಹೊತ್ತ ಊರು ಸಹಿಯಲ್ಲಿ ಉಳಿಯಿತು, ರಂಗಮಂದಿರದ ಫಲಕಕ್ಕೆ ಏರಿತು. ಹೆಂಗಸು ಹೊತ್ತ ಊರು ಓಣಿಯ ಬಾಯಲ್ಲಿ ಇತ್ತು, ಅವಳ ಜೊತೆಗೇ ಹೋಯಿತು.

ನಮ್ಮವ್ವ ಮಸ್ಕಿಯವಳು. ಹದಿನಾಲ್ಕಕ್ಕೆ ಮದುವೆಯಾಗಿ ಸಿಂಧನೂರು ಸೀಮೆಗೆ ಬಂದವಳನ್ನು ಅರವತ್ತು ವರ್ಷ ಇಡೀ ಓಣಿ ‘ಮಸ್ಕ್ಯಾಕಿ’ ಎಂದೇ ಕರೆಯಿತು. ಅತ್ತೆ ಹಾಗೆ ಕರೆದಳು, ನೆಗೆಣ್ಣಿಯರು ಹಾಗೆ ಕರೆದರು, ಕೊನೆಗೆ ಅಳಲು ಬಂದವರೂ “ಹೋದ್ಯಾ ಮಸ್ಕ್ಯಾಕಿ” ಎಂದೇ ಅತ್ತರು. ಮರಣದ ದಾಖಲೆ ತರಲು ಹೋದಾಗ ಅದರಲ್ಲಿ ಅವಳ ಹೆಸರಿತ್ತು, ‘ಗಂಡ’ ಎಂದು ನಮ್ಮಪ್ಪನ ಹೆಸರಿತ್ತು. ಮಸ್ಕಿ ಇರಲಿಲ್ಲ.